ಕಾಗದಕ್ಕೆ ಬೆಲೆ ತಂದ ದಲ್ಲಾಳಿ: ಹೈಮ್ ಸಾಲೊಮನ್

ಲಾರ್ಡ್ ಕಾರ್ನ್‌ವಾಲಿಸನ ಹೆಸರನ್ನು ನಮ್ಮ ಶಾಲೆಯಲ್ಲಿ ಚರಿತ್ರೆ ಓದಿದ ಯಾರೂ ಮರೆತಿರಲಾರರು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೇಳಿ, ಹಣ ಬರುವತನಕ ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಯ್ದವನು ಅವನು. ಇದೇ ಕಾರ್ನ್‌ವಾಲಿಸ್ ಅದಕ್ಕೆ ಹತ್ತು ವರ್ಷ ಹಿಂದೆ ಇನ್ನೊಂದು ಖಂಡದಲ್ಲಿ ತನ್ನ ಇಡೀ ಸೈನ್ಯವನ್ನು ಶತ್ರುವಿಗೆ ಒಪ್ಪಿಸಿ ಕೈಚೆಲ್ಲಿದ್ದ. 1781ರ ಅಕ್ಟೋಬರ್ 19ರಂದು, ಅಮೆರಿಕದ ಯಾರ್ಕ್‌ಟೌನಿನಲ್ಲಿ, ಜಾರ್ಜ್ ವಾಷಿಂಗ್ಟನ್ನನ ಎದುರು.

ಆ ಗೆಲುವಿಗೆ ವಾಷಿಂಗ್ಟನ್ನನ ಸೇನಾಪತ್ಯ ಕಾರಣ, ಫ್ರಾನ್ಸ್ ದೇಶದ ನೌಕಾಪಡೆ ಕಾರಣ ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜ. ಆದರೆ ಸೈನಿಕನಿಗೆ ಹೊಟ್ಟೆಯೂ ಇರುತ್ತದೆ. ಅವನಿಗೆ ರೊಟ್ಟಿ ಬೇಕು, ಕಾಲಿಗೆ ಜೋಡು ಬೇಕು, ಕೈಗೆ ಸಂಬಳ ಬೇಕು. ಖಜಾನೆಯಲ್ಲಿ ಬಿಡಿಗಾಸೂ ಇಲ್ಲದ ಒಂದು ಹೊಸ ದೇಶಕ್ಕೆ ಆ ಹಣ ಹೊಂದಿಸಲು ದುಡಿದವರಲ್ಲಿ ಪೋಲೆಂಡಿನಿಂದ ಬಂದ ಒಬ್ಬ ಬಡ ಯಹೂದಿ ವ್ಯಾಪಾರಿಯೂ ಇದ್ದರು. ಅವರೇ ಹೈಮ್ ಸಾಲೊಮನ್. ಹೀಬ್ರೂ ಭಾಷೆಯಲ್ಲಿ ಅವರ ಹೆಸರಿಗೆ ಜೀವ, ಬದುಕು ಎಂದು ಅರ್ಥ. ಆ ಬದುಕು ನಲವತ್ತೈದು ವರ್ಷವೂ ತುಂಬಿರಲಿಲ್ಲವೇನೋ ಎನ್ನುವಷ್ಟು ಚಿಕ್ಕದು. ಆದರೆ ಅದರಲ್ಲಿ ನಾವು ತಿಳಿಯಬೇಕಾದದ್ದು ಬಹಳ ಇದೆ.

ಹುಟ್ಟೂರು ಬಿಟ್ಟದ್ದು

ಸಾಲೊಮನ್ ಹುಟ್ಟಿದ್ದು 1740ರ ಸುಮಾರಿಗೆ, ಪೋಲೆಂಡಿನ ಲೆಷ್ನೋ ಎಂಬ ಪಟ್ಟಣದಲ್ಲಿ. ಆ ಕಾಲದ ಯೂರೋಪಿನ ಬಹುಪಾಲು ದೇಶಗಳಲ್ಲಿ ಯಹೂದಿಗಳಿಗೆ ಬೇಕಾದ ಕಡೆ ಮನೆ ಮಾಡುವ ಹಕ್ಕಿರಲಿಲ್ಲ, ಇಷ್ಟಬಂದ ಕಸುಬು ಹಿಡಿಯುವ ಹಕ್ಕಿರಲಿಲ್ಲ. ಸರ್ಕಾರಿ ಹುದ್ದೆಯ ಮಾತಂತೂ ಇಲ್ಲವೇ ಇಲ್ಲ. ಸಾಲೊಮನ್ನರಿಗೆ ಶಾಲೆಯ ಓದು ಹೆಚ್ಚಿಗೆ ಸಿಗಲಿಲ್ಲ. ಯೌವನದಲ್ಲಿ ಊರು ಬಿಟ್ಟು ಯೂರೋಪಿನ ಹಲವು ದೇಶಗಳಲ್ಲಿ ಅಲೆದರು. ಹೋದ ಕಡೆ ಅಲ್ಲಿನ ಮಾತು ಕಲಿತರು, ನಾಣ್ಯಗಳ ಲೆಕ್ಕ ಕಲಿತರು, ಯಾವ ಊರಿನ ಸಾಹುಕಾರನ ಸಹಿಗೆ ಎಷ್ಟು ಬೆಲೆ ಎಂಬುದನ್ನು ಕಲಿತರು. ಮುಂದೆ ಅವರನ್ನು ಕಾಪಾಡಿದ್ದು ಈ ಅಲೆದಾಟದ ವಿದ್ಯೆಯೇ.

1775ರ ಹೊತ್ತಿಗೆ ಅವರು ಅಮೆರಿಕದ ನ್ಯೂಯಾರ್ಕಿನಲ್ಲಿದ್ದರು. ಆಗ ಅದು ಇಂಗ್ಲೆಂಡಿನ ದೊರೆಗೆ ಸೇರಿದ ಹದಿಮೂರು ವಸಾಹತುಗಳಲ್ಲಿ ಒಂದರ ಬಂದರು ಪಟ್ಟಣ. ತಮ್ಮ ಒಪ್ಪಿಗೆಯಿಲ್ಲದೆ ತೆರಿಗೆ ಹಾಕಬಾರದೆಂದು ವಸಾಹತಿನ ಜನ ಇಂಗ್ಲೆಂಡಿನ ಮೇಲೆ ಎದ್ದಿದ್ದ ಕಾಲ. ಹೊಸದಾಗಿ ಬಂದ ಪರದೇಶಿ ವ್ಯಾಪಾರಿ ತನ್ನ ಪಾಡಿಗೆ ತಾನಿರಬಹುದಾಗಿತ್ತು. ಆದರೆ ಸಾಲೊಮನ್ ಬಂದ ವರ್ಷದೊಳಗೇ ಸ್ವಾತಂತ್ರ್ಯದ ಪಕ್ಷ ಹಿಡಿದರು. 1776ರ ಬೇಸಿಗೆಯಲ್ಲಿ ಲೇಕ್ ಜಾರ್ಜ್ ಕಡೆ ಬೀಡುಬಿಟ್ಟಿದ್ದ ಅಮೆರಿಕನ್ ಪಡೆಗೆ ಸಾಮಾನು ಒದಗಿಸುವ ವರ್ತಕರಾಗಿ ಹೋದರು.

ಸೆರೆಮನೆ

ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಸೈನ್ಯ ನ್ಯೂಯಾರ್ಕನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ ಊರಿಗೆ ಬೆಂಕಿ ಬಿದ್ದು ನೂರಾರು ಮನೆಗಳು ಸುಟ್ಟುಹೋದವು. ಇದು ಬಂಡಾಯಗಾರರ ಕೆಲಸವೇ ಎಂದು ಇಂಗ್ಲಿಷರು ಸಿಕ್ಕಸಿಕ್ಕವರನ್ನು ಹಿಡಿದರು. ಸೆಪ್ಟೆಂಬರ್ 22ರಂದು ನೇಥನ್ ಹೇಲ್ ಎಂಬ ಇಪ್ಪತ್ತೊಂದು ವರ್ಷದ ತರುಣನನ್ನು ಗೂಢಚಾರನೆಂದು ಗಲ್ಲಿಗೇರಿಸಿದರು. ಸೈನ್ಯ ಸೇರುವ ಮೊದಲು ಅವನು ಶಾಲಾ ಮಾಸ್ತರನಾಗಿದ್ದ. ಇಂಥ ದಿನಗಳಲ್ಲೇ ಸಾಲೊಮನ್ ಕೂಡ ಗೂಢಚಾರಿಕೆಯ ಆರೋಪದ ಮೇಲೆ ಸೆರೆಮನೆ ಸೇರಿದರು.

ಅವರನ್ನು ಬದುಕಿಸಿದ್ದು ಭಾಷೆ. ಇಂಗ್ಲಿಷರು ಜರ್ಮನಿಯಿಂದ ಬಾಡಿಗೆಗೆ ತಂದಿದ್ದ ಹೆಸ್ಸಿಯನ್ ಸೈನಿಕರಿಗೆ ಇಂಗ್ಲಿಷ್ ಬಾರದು, ಊರಿನ ವರ್ತಕರಿಗೆ ಜರ್ಮನ್ ಬಾರದು. ನಡುವೆ ನಿಂತು ಮಾತಾಡಿಸುವವನು ಬೇಕಾಗಿತ್ತು. ಹೆಸ್ಸಿಯನ್ ಸೇನಾಪತಿ ಫಾನ್ ಹೈಸ್ಟರ್ ಸಾಲೊಮನ್ನರನ್ನು ಸೆರೆಯಿಂದ ಬಿಡಿಸಿ ದಿನಸಿ ಸರಬರಾಜಿನ ಕೆಲಸಕ್ಕೆ ಇಟ್ಟುಕೊಂಡ. ಹಗಲು ಶತ್ರುವಿನ ಉಗ್ರಾಣದ ಕೆಲಸ ಮಾಡುತ್ತಲೇ ಸಾಲೊಮನ್, ಸೆರೆಸಿಕ್ಕ ಅಮೆರಿಕನ್ ಮತ್ತು ಫ್ರೆಂಚ್ ಸೈನಿಕರಿಗೆ ಹಣ ಕೊಟ್ಟು ತಪ್ಪಿಸಿಕೊಳ್ಳಲು ನೆರವಾದರು. ಹೆಸ್ಸಿಯನ್ ಅಧಿಕಾರಿಗಳಿಗೆ ಕೆಲಸ ಬಿಟ್ಟುಹೋಗುವಂತೆ ಗುಟ್ಟಾಗಿ ಬುದ್ಧಿ ಹೇಳಿದರು. 1777ರ ಜುಲೈಯಲ್ಲಿ ರೇಚಲ್ ಫ್ರಾಂಕ್ಸ್ ಎಂಬ ಹುಡುಗಿಯೊಡನೆ ಅವರ ಮದುವೆಯಾಯಿತು. ವ್ಯಾಪಾರವೂ ಕುದುರಿತು.

ಇದು ಬಹಳ ದಿನ ನಡೆಯುವಂತಿರಲಿಲ್ಲ. 1778ರ ಆಗಸ್ಟಿನಲ್ಲಿ ಗುಟ್ಟು ರಟ್ಟಾಯಿತು. ಹಿಡಿಯಲು ಆಜ್ಞೆ ಹೊರಟಿದೆ ಎಂದು ತಿಳಿದ ಕೂಡಲೇ ಅವರು ಊರು ಬಿಟ್ಟು ಓಡಿದರು. ಹೆಂಡತಿಯೂ ಒಂದು ತಿಂಗಳ ಕೂಸೂ ನ್ಯೂಯಾರ್ಕಿನಲ್ಲೇ ಉಳಿದರು. ಐದಾರು ಸಾವಿರ ಪೌಂಡ್ ಬೆಲೆಯ ಸರಕು, ಬರಬೇಕಾದ ಬಾಕಿ ಎಲ್ಲವೂ ಅಲ್ಲೇ ಹೋಯಿತು. ಗಲ್ಲಿನ ಶಿಕ್ಷೆಯಾಗಿದ್ದ ಅವರು ಬಟ್ಟೆಯಲ್ಲಿ ಬಚ್ಚಿಟ್ಟಿದ್ದ ಚಿನ್ನದ ನಾಣ್ಯಗಳನ್ನು ಕಾವಲುಗಾರನಿಗೆ ಕೊಟ್ಟು ಪಾರಾದರೆಂದು ಕತೆಯೊಂದಿದೆ. ಅದಕ್ಕೆ ದಾಖಲೆಯಿಲ್ಲ. ದಾಖಲೆಯಲ್ಲಿರುವ ಸಂಗತಿಯೇ ಸಾಕಷ್ಟು ದೊಡ್ಡದಾಗಿರುವಾಗ ಕತೆಯ ಅಗತ್ಯವೂ ಇಲ್ಲ.

ಫಿಲಡೆಲ್ಫಿಯಾ

ಓಡಿ ಬಂದು ಸೇರಿದ್ದು ಫಿಲಡೆಲ್ಫಿಯಾ ನಗರಕ್ಕೆ. ಇಂಗ್ಲಿಷ್ ಸೈನ್ಯ ಆ ಊರನ್ನು ಬಿಟ್ಟುಹೋಗಿ ಎರಡು ತಿಂಗಳಾಗಿತ್ತು. ಅಮೆರಿಕದ ಕಾಂಗ್ರೆಸ್ ಸಭೆ ಅಲ್ಲೇ ಸೇರುತ್ತಿತ್ತು. ಸಾಲೊಮನ್ ಆಗಸ್ಟ್ 25ರಂದು ಕಾಂಗ್ರೆಸ್ಸಿಗೆ ಒಂದು ಅರ್ಜಿ ಬರೆದುಕೊಂಡರು. ತಾವು ಅನುಭವಿಸಿದ್ದನ್ನೂ ಕಳೆದುಕೊಂಡದ್ದನ್ನೂ ವಿವರಿಸಿ, ಹೊಟ್ಟೆಪಾಡಿಗೆ ಯಾವುದಾದರೂ ಕೆಲಸ ಕೊಡಬೇಕೆಂದು ಕೇಳಿಕೊಂಡರು. ಕೆಲಸ ಸಿಗಲಿಲ್ಲ.

ಕೆಲಸ ಸಿಗದಿದ್ದವರು ಸುಮ್ಮನೆ ಕೂರಲಿಲ್ಲ. ಬಂದರಿನ ಹತ್ತಿರ ಫ್ರಂಟ್ ಸ್ಟ್ರೀಟ್ ಎಂಬ ಬೀದಿ. ಅಲ್ಲೊಂದು ಕಾಫಿ ಹೌಸ್. ಹಡಗಿನವರು, ವರ್ತಕರು, ವಿಮೆಯವರು ಎಲ್ಲರೂ ಸೇರುವ ಜಾಗ ಅದು. ನಮ್ಮ ಎ.ಪಿ.ಎಂ.ಸಿ. ಯಾರ್ಡಿನ ಮಂಡಿಗಳಲ್ಲಿ ಹರಾಜಿನ ಹೊತ್ತಿಗೆ ಹೇಗೋ ಅಲ್ಲಿಯೂ ಹಾಗೆ, ದಿನದ ಧಾರಣೆ ಗೊತ್ತಾಗುತ್ತಿದ್ದದ್ದು ಅಲ್ಲೇ. ಸಾಲೊಮನ್ ಅದರ ಸಮೀಪದಲ್ಲೇ ದಲ್ಲಾಳಿ ಅಂಗಡಿ ತೆರೆದರು. ಸರ್ಕಾರದ ಸಾಲಪತ್ರ, ಪರದೇಶದ ಹುಂಡಿ, ಹಡಗಿನ ಸರಕು ಇವೆಲ್ಲವನ್ನೂ ಕೊಳ್ಳುವವರಿಗೂ ಮಾರುವವರಿಗೂ ಗಂಟು ಹಾಕುವುದು ಅವರ ಕಸುಬಾಯಿತು. ಹೆಂಡತಿ ಮಗು ಬಂದು ಕೂಡಿಕೊಂಡರು.

ಇಲ್ಲಿ ಆ ಕಾಲದ ಹಣಕಾಸಿನ ಸ್ಥಿತಿ ಸ್ವಲ್ಪ ಹೇಳಬೇಕು. ಕಾಂಗ್ರೆಸ್ಸಿಗೆ ಯುದ್ಧ ಮಾಡುವ ಅಧಿಕಾರವಿತ್ತು, ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ರಾಜ್ಯಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ 1775ರಿಂದ ಕಾಂಗ್ರೆಸ್ ನೋಟು ಅಚ್ಚು ಹಾಕತೊಡಗಿತು. ಅಚ್ಚಾದಷ್ಟೂ ಅದರ ಬೆಲೆ ಇಳಿಯಿತು. 1780ರಲ್ಲಿ ನಲವತ್ತು ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಎಂದು ಕಾಂಗ್ರೆಸ್ಸೇ ಒಪ್ಪಿಕೊಳ್ಳಬೇಕಾಯಿತು. ಮರುವರ್ಷ ಆ ಬೆಲೆಗೂ ಕೇಳುವವರಿರಲಿಲ್ಲ. ರೈತರು ಕಾಗದ ತೆಗೆದುಕೊಂಡು ಗೋಧಿ ಕೊಡಲು ಒಪ್ಪುತ್ತಿರಲಿಲ್ಲ. ಸೈನಿಕರು ಸಂಬಳವಿಲ್ಲದೆ ದಂಗೆ ಏಳತೊಡಗಿದ್ದರು.

ಹುಂಡಿಯ ಕೆಲಸ

1781ರಲ್ಲಿ ಕಾಂಗ್ರೆಸ್ ರಾಬರ್ಟ್ ಮಾರಿಸ್ ಎಂಬ ದೊಡ್ಡ ವರ್ತಕನನ್ನು ಹಣಕಾಸಿನ ಮೇಲಧಿಕಾರಿಯಾಗಿ ನೇಮಿಸಿತು. ಮಾರಿಸನ ಕೈಯಲ್ಲಿದ್ದ ಮುಖ್ಯ ಆಸರೆ ಫ್ರಾನ್ಸ್ ಕೊಡಲೊಪ್ಪಿದ್ದ ಸಾಲ ಮತ್ತು ಸಹಾಯಧನ. ಆ ಹಣವಿದ್ದದ್ದು ಸಮುದ್ರದಾಚೆ ಪ್ಯಾರಿಸಿನಲ್ಲಿ. ಸೈನ್ಯ ಹಸಿದಿದ್ದದ್ದು ಇಲ್ಲಿ. ನಡುವೆ ಇಂಗ್ಲಿಷರ ಯುದ್ಧನೌಕೆಗಳು. ಆ ಹಣವನ್ನು ಇಲ್ಲಿಗೆ ತರುವ ದಾರಿಯೇ ಹುಂಡಿ.

ಹುಂಡಿ ಎಂದರೆ ಇಲ್ಲಿ ದೇವಸ್ಥಾನದ ಕಾಣಿಕೆ ಪೆಟ್ಟಿಗೆಯಲ್ಲ. ನಮ್ಮ ಹಿಂದಿನ ಸಾಹುಕಾರರು ಒಂದು ಊರಿನಿಂದ ಇನ್ನೊಂದು ಊರಿಗೆ ಹಣ ದಾಟಿಸಲು ಬರೆದುಕೊಡುತ್ತಿದ್ದ ಚೀಟಿ. ಇಂಥವರಿಗೆ ಇಷ್ಟು ಹಣ ಕೊಡತಕ್ಕದ್ದು ಎಂದು ಮಾರಿಸ್ ಪ್ಯಾರಿಸಿನ ಬ್ಯಾಂಕಿನವನ ಹೆಸರಿಗೆ ಹುಂಡಿ ಬರೆಯುತ್ತಿದ್ದ. ಯೂರೋಪಿನಿಂದ ಸರಕು ತರಿಸುವ ಫಿಲಡೆಲ್ಫಿಯಾದ ವರ್ತಕ ಅದನ್ನು ಕೊಂಡು ಇಲ್ಲಿ ರೊಕ್ಕ ಕೊಡುತ್ತಿದ್ದ. ಹುಂಡಿ ಹಡಗಿನಲ್ಲಿ ಹೋಗಿ ಅಲ್ಲಿ ಹಣವಾಗುತ್ತಿತ್ತು. ಹೇಳಲು ಸುಲಭ. ಆದರೆ ಹಡಗು ಮುಳುಗಬಹುದು, ಶತ್ರುವಿನ ಪಾಲಾಗಬಹುದು. ಪ್ಯಾರಿಸಿನವನು ಹಣವಿಲ್ಲವೆಂದು ಹುಂಡಿಯನ್ನು ತಿರಸ್ಕರಿಸಬಹುದು. ಒಂದೇ ಸಲ ಹೆಚ್ಚು ಹುಂಡಿ ಮಾರಾಟಕ್ಕೆ ಬಂದರೆ ಬೆಲೆ ಕುಸಿಯುತ್ತದೆ, ತಡಮಾಡಿದರೆ ಸೈನ್ಯ ಉಪವಾಸ ಬೀಳುತ್ತದೆ. ದಿನದಿನದ ಧಾರಣೆ ನೋಡಿ, ಯಾರಲ್ಲಿ ರೊಕ್ಕವಿದೆ, ಯಾರ ಮಾತು ಗಟ್ಟಿ ಎಂದು ಅಳೆದು, ತಕ್ಕಷ್ಟೇ ಮಾರಬೇಕು. ಈ ಕೆಲಸ ಸಾಲೊಮನ್ನರಷ್ಟು ಚೆನ್ನಾಗಿ ಮಾಡುವವರು ಆ ನಗರದಲ್ಲಿರಲಿಲ್ಲ.

ಮಾರುವುದಷ್ಟೇ ಅಲ್ಲ, ಅನೇಕ ಹುಂಡಿಗಳ ಬೆನ್ನಿಗೆ ಅವರು ತಮ್ಮ ಸಹಿಯನ್ನೂ ಹಾಕಿದರು. ಹಾಗೆ ಸಹಿ ಹಾಕಿದವನು, ಹುಂಡಿ ಹಣವಾಗದಿದ್ದರೆ ತಾನೇ ತುಂಬಿಕೊಡಬೇಕು. ಸರ್ಕಾರದ ಸಹಿಯನ್ನು ನಂಬದ ವರ್ತಕರು ಈ ದಲ್ಲಾಳಿಯ ಸಹಿಯನ್ನು ನಂಬಿ ರೊಕ್ಕ ಕೊಟ್ಟರು. ಇದಕ್ಕೆ ಅವರು ಮಾರಿಸನಿಂದ ತೆಗೆದುಕೊಂಡ ದಲ್ಲಾಳಿ ನೂರಕ್ಕೆ ಅರ್ಧ ಮಾತ್ರ. ಫ್ರೆಂಚ್ ಸೈನ್ಯದ ಖಜಾನೆಯವರೂ ತಮ್ಮ ಹುಂಡಿಗಳನ್ನು ಅವರ ಮೂಲಕವೇ ಮಾರಿಸಿದರು. ಮಾರಿಸ್ ಬರೆದಿಟ್ಟ ದಿನಚರಿಯಲ್ಲಿ ಸಾಲೊಮನ್ನರ ಹೆಸರು ಹತ್ತಾರು ಸಲ ಬರುತ್ತದೆ. 1782ರ ಜುಲೈಯಲ್ಲಿ, ಹಣಕಾಸು ಕಚೇರಿಯ ದಲ್ಲಾಳಿ ಎಂದು ಪತ್ರಿಕೆಯ ಜಾಹೀರಾತಿನಲ್ಲಿ ಹಾಕಿಕೊಳ್ಳಲು ಮಾರಿಸ್ ಅವರಿಗೆ ಅನುಮತಿ ಕೊಟ್ಟ. ಅದು ಸಂಬಳದ ಹುದ್ದೆಯಲ್ಲ, ಬರಿಯ ಗೌರವ. ಅವರು ಕೇಳಿ ಪಡೆದದ್ದು ಅಷ್ಟೇ.

ಆ ವರ್ಷದ ಫಿಲಡೆಲ್ಫಿಯಾಕ್ಕೂ ನಮಗೂ ಒಂದು ಸಣ್ಣ ನಂಟಿದೆ. 1782ರ ಏಪ್ರಿಲಿನಲ್ಲಿ, ಊರಿನ ವ್ಯಾಪಾರಿ ಹಡಗುಗಳನ್ನು ಕಾಯಲು ಹೊರಟ ಅಮೆರಿಕನ್ ಯುದ್ಧನೌಕೆಯೊಂದು ತನಗಿಂತ ಬಲವಾದ ಇಂಗ್ಲಿಷ್ ನೌಕೆಯನ್ನು ಡೆಲವೇರ್ ಕೊಲ್ಲಿಯಲ್ಲಿ ಸೋಲಿಸಿ ಹಿಡಿದು ತಂದಿತು. ಆ ಅಮೆರಿಕನ್ ನೌಕೆಯ ಹೆಸರು ಹೈದರ್ ಅಲಿ. ಇಂಗ್ಲಿಷರನ್ನು ಕಂಗೆಡಿಸಿದ ಮೈಸೂರಿನ ನವಾಬನ ಹೆಸರನ್ನೇ ಅಲ್ಲಿಯ ಜನ ತಮ್ಮ ಹಡಗಿಗೆ ಇಟ್ಟಿದ್ದರು. ಸಾಲೊಮನ್ನರ ಅಂಗಡಿಯಿದ್ದ ಬಂದರಿನಲ್ಲಿ ಆಗ ಆ ಹೆಸರು ಎಲ್ಲರ ಬಾಯಲ್ಲೂ ಇದ್ದಿರಬೇಕು.

ಬಡ್ಡಿ ಬೇಡವೆಂದವರು

ದೇಶದ ಕೆಲಸಕ್ಕೆಂದು ಫಿಲಡೆಲ್ಫಿಯಾಕ್ಕೆ ಬಂದ ಪ್ರತಿನಿಧಿಗಳ ಸ್ಥಿತಿಯೂ ಚೆನ್ನಾಗಿರಲಿಲ್ಲ. ಅವರವರ ರಾಜ್ಯದಿಂದ ಭತ್ಯೆ ಬರುತ್ತಿರಲಿಲ್ಲ. ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್, ಮುಂದೆ ಅಮೆರಿಕದ ನಾಲ್ಕನೆಯ ಅಧ್ಯಕ್ಷನಾದವನು, ಊಟ ವಸತಿಯ ಹಣವನ್ನೂ ಕಟ್ಟಲಾಗದೆ ಒದ್ದಾಡುತ್ತಿದ್ದ. ಊರಿನ ಲೇವಾದೇವಿಯವರು ಕೇಳಿದ ಬಡ್ಡಿ ಕತ್ತು ಹಿಸುಕುವಂತಿತ್ತು. ಆಗ ಅವನು ಮತ್ತೆ ಮತ್ತೆ ಹೋದದ್ದು ಫ್ರಂಟ್ ಸ್ಟ್ರೀಟಿನ ಸಾಲೊಮನ್ನರ ಬಳಿಗೆ. ಅವರು ಹಣ ಕೊಟ್ಟರು. ಬಡ್ಡಿ ಎಷ್ಟೆಂದರೆ ಬೇಡವೇ ಬೇಡ ಎಂದು ಹಟ ಹಿಡಿದರು. ಬಡ್ಡಿ ಲಾಭಕ್ಕಾಗಿ ವ್ಯವಹಾರ ಮಾಡುವವರಿಗೆ ಸರಿ, ಕಷ್ಟದಲ್ಲಿರುವ ಜನಪ್ರತಿನಿಧಿಯಿಂದ ಕೀಳುವಂಥದ್ದಲ್ಲ ಎಂಬುದು ಅವರ ನಿಲುವು. ಈ ಉಪಕಾರಕ್ಕೆ ತನಗೆ ಸಂಕೋಚವಾಗುತ್ತದೆಂದು ಮ್ಯಾಡಿಸನ್ ಗೆಳೆಯನಿಗೆ ಪತ್ರ ಬರೆದಿಟ್ಟದ್ದರಿಂದಲೇ ಇದು ನಮಗೆ ತಿಳಿದಿದೆ. ಸ್ಪೇನ್ ದೇಶದ ಪ್ರತಿನಿಧಿ ಫ್ರಾನ್ಸಿಸ್ಕೊ ರೆಂಡೋನ್‌ಗೂ ತನ್ನ ಸರ್ಕಾರದ ಹಣ ಬಾರದೇ ಇದ್ದಾಗ ಅವರು ಬಡ್ಡಿಯಿಲ್ಲದೆ ಕೊಟ್ಟು ನಡೆಸಿದರು.

ಕೈ ತುಂಬ ಹಣ ಓಡಾಡತೊಡಗಿದ ಮೇಲೆ ಪೋಲೆಂಡಿನಲ್ಲಿದ್ದ ವಯಸ್ಸಾದ ತಂದೆತಾಯಿಗಳನ್ನು ಅವರು ಮರೆಯಲಿಲ್ಲ. ಆಮ್‌ಸ್ಟರ್‌ಡಾಮಿನ ವರ್ತಕರೊಬ್ಬರ ಮೂಲಕ ಅವರಿಗೆ ಹಣ ಕಳಿಸಿದರು. ಸುದ್ದಿ ಹರಡಿ ನೆಂಟರಿಷ್ಟರ ಕೋರಿಕೆಗಳೂ ಬರತೊಡಗಿದವು. ಇಂಗ್ಲೆಂಡಿನಲ್ಲಿದ್ದ ಮಾವನೊಬ್ಬ ತಾನೂ ಬಂದುಬಿಡುತ್ತೇನೆಂದು ಬರೆದಾಗ, ಸಾಲೊಮನ್ ಐವತ್ತು ಗಿನಿ ಕೊಡಿಸಿ, ಜೊತೆಗೆ ನಿಷ್ಠುರವಾಗಿ ನಿಜವನ್ನೂ ಹೇಳಿದರು. ತಾನು ಜನ ತಿಳಿದಷ್ಟು ಸಿರಿವಂತನಲ್ಲ, ಹೆಂಡತಿ ಮಕ್ಕಳಿದ್ದಾರೆ, ನಿಮ್ಮ ಮನೆತನದ ದೊಡ್ಡಸ್ತಿಕೆಗೆ ಈ ದೇಶದಲ್ಲಿ ಬೆಲೆ ಸಿಗುವುದಿಲ್ಲ ಎಂದು ತಿಳಿಸಿದರು.

1783ರಲ್ಲಿ ಬರೆಸಿದ ಇನ್ನೊಂದು ಪತ್ರವನ್ನು ಶಾಲೆಯ ಸಂಚಿಕೆಯಲ್ಲಿ ನೆನೆಯಲೇಬೇಕು. ತನಗೆ ಓದಿಲ್ಲದೆ ಎಷ್ಟು ಕಷ್ಟವಾಯಿತು, ತಿರುಗಾಟದಲ್ಲಿ ಕಲಿತ ಫ್ರೆಂಚ್, ಇಂಗ್ಲಿಷ್ ಮುಂತಾದ ಭಾಷೆಗಳಿಲ್ಲದಿದ್ದರೆ ತನ್ನ ಗತಿ ಏನಾಗುತ್ತಿತ್ತೋ ಎಂಬುದನ್ನು ತಂದೆಗೆ ತಿಳಿಸಬೇಕೆಂದು ಅದರಲ್ಲಿ ಕೇಳಿಕೊಂಡಿದ್ದಾರೆ. ಮನೆಯ ಮಕ್ಕಳನ್ನೆಲ್ಲ ಚೆನ್ನಾಗಿ ಓದಿಸಿ, ತಮ್ಮ ಮತದ ಓದು ಮಾತ್ರವಲ್ಲ, ಹೊರಗಿನ ಲೋಕದ ಭಾಷೆಯನ್ನೂ ಕಲಿಸಿ ಎಂದು ಬುದ್ಧಿ ಹೇಳಿದ್ದಾರೆ. ಅಣ್ಣತಮ್ಮಂದಿರ ಮಕ್ಕಳಲ್ಲಿ ಹೀಬ್ರೂ ಕಲಿಯುವ ಚುರುಕು ಬುದ್ಧಿಯವರಿದ್ದರೆ ಖರ್ಚಿಗೆ ತಾನೂ ನೆರವಾಗುವುದಾಗಿ ಹೇಳಿದ್ದಾರೆ. ಲಕ್ಷಗಟ್ಟಲೆ ವ್ಯವಹಾರ ಮಾಡಿದ ಮನುಷ್ಯನಿಗೆ ಕೊನೆಯವರೆಗೂ ಉಳಿದ ಕೊರಗು ಶಾಲೆಯದು.

ಸಮಾನತೆಯ ಕೋರಿಕೆ

ಸ್ವಾತಂತ್ರ್ಯ ಬಂತು. ಆದರೆ ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭೆಗೆ ಆಯ್ಕೆಯಾದವರು ಕ್ರೈಸ್ತರ ಹೊಸ ಒಡಂಬಡಿಕೆಯಲ್ಲೂ ನಂಬಿಕೆಯಿದೆ ಎಂದು ಪ್ರಮಾಣ ಮಾಡಬೇಕಿತ್ತು. ಯಹೂದಿಯೊಬ್ಬ ದೇಶಕ್ಕಾಗಿ ಸೆರೆಮನೆಗೆ ಹೋಗಬಹುದು, ಸಭೆಯಲ್ಲಿ ಕೂರುವಂತಿಲ್ಲ. 1783ರ ಡಿಸೆಂಬರಿನಲ್ಲಿ ಸಾಲೊಮನ್ ಮತ್ತು ಅವರ ಸಮಾಜದ ಇತರ ಮುಖಂಡರು ಈ ನಿಯಮ ತೆಗೆಯಬೇಕೆಂದು ಅರ್ಜಿ ಕೊಟ್ಟರು. ಆಗ ಏನೂ ಆಗಲಿಲ್ಲ. 1790ರ ಹೊಸ ಸಂವಿಧಾನದಲ್ಲಿ ಆ ನಿಯಮ ಹೋಯಿತು. ನೋಡಲು ಸಾಲೊಮನ್ ಇರಲಿಲ್ಲ. 1782ರಲ್ಲಿ ಮಿಕ್ವೆ ಇಸ್ರೇಲ್ ಪ್ರಾರ್ಥನಾ ಮಂದಿರ ಕಟ್ಟಿದಾಗ ಎಲ್ಲರಿಗಿಂತ ಹೆಚ್ಚು ಚಂದಾ ಕೊಟ್ಟವರು ಅವರೇ. 1784ರಲ್ಲಿ ವಕೀಲನೊಬ್ಬ ಯಹೂದಿ ದಲ್ಲಾಳಿಗಳನ್ನೆಲ್ಲ ಬಡ್ಡಿಕೋರರೆಂದು ಹೀಗಳೆದಾಗ ಯಹೂದಿ ದಲ್ಲಾಳಿ ಎಂಬ ಹೆಸರಿನಲ್ಲಿ ಪತ್ರಿಕೆಯಲ್ಲಿ ಖಾರವಾದ ಉತ್ತರ ಬಂತು. ಅದು ಸಾಲೊಮನ್ನರದೇ ಎಂದು ಚರಿತ್ರಕಾರರು ನಂಬುತ್ತಾರೆ.

ಕೊನೆಯ ಲೆಕ್ಕ

ಯುದ್ಧ ಮುಗಿದ ಮೇಲೆ ಅವರು ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಪಾಲುದಾರರೊಬ್ಬರೊಡನೆ ಇನ್ನೊಂದು ಅಂಗಡಿ ತೆರೆದರು. ಇಂದು ಜಗತ್ತಿನ ಷೇರುಪೇಟೆಗೆ ಹೆಸರಾದ ಬೀದಿ ಅದು. ಅಲ್ಲಿನ ದಲ್ಲಾಳಿಗಳು ಸೇರಿ ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಷೇರುಪೇಟೆಗೆ ಅಡಿಪಾಯ ಹಾಕಿದ್ದು 1792ರಲ್ಲಿ, ನಮ್ಮಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದ ವರ್ಷವೇ. ಅಷ್ಟು ಹೊತ್ತಿಗೆ ಸಾಲೊಮನ್ ತೀರಿಕೊಂಡು ಏಳು ವರ್ಷವಾಗಿತ್ತು. ಕ್ಷಯರೋಗ ಅವರನ್ನು ತಿಂದುಹಾಕಿತ್ತು. 1785ರ ಜನವರಿ 6ರಂದು ಫಿಲಡೆಲ್ಫಿಯಾದಲ್ಲಿ ಅವರು ಕಣ್ಣುಮುಚ್ಚಿದರು. ಹೆಂಡತಿ ಬಸುರಿ. ಮೂವರು ಚಿಕ್ಕ ಮಕ್ಕಳು. ನಾಲ್ಕನೆಯ ಮಗು ಹುಟ್ಟಿದ್ದು ತಂದೆ ಹೋದ ಮೇಲೆ.

ಪೆಟ್ಟಿಗೆ ತೆಗೆದು ಲೆಕ್ಕ ಹಾಕಿದಾಗ ಸಿಕ್ಕದ್ದು ಸುಮಾರು 3,53,000 ಡಾಲರ್ ಮುಖಬೆಲೆಯ ಸರ್ಕಾರಿ ಸಾಲಪತ್ರಗಳು ಮತ್ತು ಕಾಗದದ ಹಣ. ಬೇರೆಯವರು ಕೈಬಿಟ್ಟ ಕಾಗದವನ್ನು ಅವರು ನಂಬಿ ಇಟ್ಟುಕೊಂಡಿದ್ದರು. ಪೇಟೆಯಲ್ಲಿ ಅದಕ್ಕೆ ಬಂದ ಬೆಲೆ ಸುಮಾರು 44,000 ಡಾಲರ್. ತೀರಿಸಬೇಕಾದ ಸಾಲ ಅದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಹೆಂಡತಿ ಮಕ್ಕಳಿಗೆ ಏನೂ ಉಳಿಯಲಿಲ್ಲ. ಐದು ವರ್ಷದ ಮೇಲೆ, 1790ರಲ್ಲಿ, ಹೊಸ ಸರ್ಕಾರ ಹಳೆಯ ಸಾಲಪತ್ರಗಳ ಹೊಣೆ ಹೊತ್ತುಕೊಂಡಿತು. ಅಗ್ಗಕ್ಕೆ ಕೊಂಡಿಟ್ಟವರು ದುಡ್ಡು ಮಾಡಿಕೊಂಡರು.

ತಂದೆಯ ಮುಖ ನೋಡದ ಆ ಕೊನೆಯ ಮಗ ದೊಡ್ಡವನಾಗಿ, ತಂದೆಯ ಬಾಕಿ ಕೊಡಿ ಎಂದು ಕಾಂಗ್ರೆಸ್ಸಿನ ಬಾಗಿಲು ತಟ್ಟಿದ. 1840ರ ದಶಕದಿಂದ ಮುಂದಕ್ಕೆ ಒಂದರ ಮೇಲೊಂದು ಸಮಿತಿ ಅರ್ಜಿ ನೋಡಿತು. ಕೋರಿಕೆ ನ್ಯಾಯವಾದದ್ದೆಂದು ಹಲವು ಸಮಿತಿಗಳು ಬರೆದವು. ಹಣ ಮಾತ್ರ ಮಂಜೂರಾಗಲಿಲ್ಲ. 1893ರಲ್ಲಿ ವಂಶದವರು ಹಣ ಬೇಡ, ನೆನಪಿಗೆ ಒಂದು ಪದಕ ಕೊಡಿ ಎಂದರು. ಅದೂ ಸಿಗಲಿಲ್ಲ. ಫಿಲಡೆಲ್ಫಿಯಾದ ಮಸಣದಲ್ಲಿ ಅವರ ಗುಂಡಿ ಯಾವುದೆಂದು ಗುರುತಿಲ್ಲ. ಫಲಕಗಳು ಮಾತ್ರ ಇಲ್ಲೆಲ್ಲೋ ಇದ್ದಾರೆಂದು ಹೇಳುತ್ತವೆ.

ಮರೆವಿಗೆ ಪ್ರತಿಯಾಗಿ ಕತೆಗಳು ಬೆಳೆದವು. ಸಾಲೊಮನ್ ಸರ್ಕಾರಕ್ಕೆ ಆರೂವರೆ ಲಕ್ಷ ಡಾಲರ್ ಸಾಲ ಕೊಟ್ಟರೆಂದೂ, ಯಾರ್ಕ್‌ಟೌನಿಗೆ ಹೊರಟ ಸೈನ್ಯಕ್ಕೆ ಬೇಕಾದ 20,000 ಡಾಲರನ್ನು ಅವರೇ ಒದಗಿಸಿದರೆಂದೂ ಜನ ಹೇಳುತ್ತಾರೆ. ಆ 20,000 ಡಾಲರ್ ನಾಣ್ಯ ಬಂದದ್ದು ಫ್ರೆಂಚ್ ಸೇನಾಪತಿ ರೋಶಾಂಬೋನ ಪೆಟ್ಟಿಗೆಯಿಂದ. ಆರೂವರೆ ಲಕ್ಷದ ಲೆಕ್ಕದಲ್ಲಿ ಅವರ ಕೈಮೇಲೆ ಮಾರಾಟವಾದ ಹುಂಡಿಗಳ ಹಣವೂ ಸೇರಿದೆ, ಅದೆಲ್ಲ ಸ್ವಂತದ್ದಲ್ಲ. ಅವರು ಕುಬೇರರಾಗಿರಲಿಲ್ಲ. ಕುಬೇರನಾಗಿದ್ದು ಕೊಟ್ಟಿದ್ದರೆ ಅದು ದಾನವಾಗುತ್ತಿತ್ತು. ತನ್ನಲ್ಲಿಲ್ಲದ್ದನ್ನು ತನ್ನ ಮಾತಿನ ಬಲದಿಂದ ಹೊಂದಿಸಿಕೊಟ್ಟದ್ದು ಅದಕ್ಕಿಂತ ಕಷ್ಟದ ಕೆಲಸ.

ಗೌರವ ತಡವಾಗಿ ಬಂತು. 1941ರ ಡಿಸೆಂಬರ್ 15ರಂದು ಷಿಕಾಗೋ ನಗರದಲ್ಲಿ ಒಂದು ಕಂಚಿನ ಶಿಲ್ಪವನ್ನು ಅನಾವರಣ ಮಾಡಿದರು. ನಡುವೆ ವಾಷಿಂಗ್ಟನ್, ಅವನ ಕೈ ಹಿಡಿದು ಒಂದು ಕಡೆ ರಾಬರ್ಟ್ ಮಾರಿಸ್, ಇನ್ನೊಂದು ಕಡೆ ಹೈಮ್ ಸಾಲೊಮನ್. 1975ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ನೆನಪಿಗೆ ಹತ್ತು ಸೆಂಟಿನ ಅಂಚೆಚೀಟಿ ಹೊರತಂದಿತು. ಸರ್ಕಾರದ ಕಾಗದವನ್ನು ನಂಬಿ ಎಲ್ಲ ಕಳೆದುಕೊಂಡ ಮನುಷ್ಯನಿಗೆ ಸರ್ಕಾರ ಕೊನೆಗೆ ಕೊಟ್ಟದ್ದೂ ಒಂದು ಚೂರು ಕಾಗದವೇ.

ಐವತ್ತು ವರ್ಷ ತುಂಬಿದ ಯಾವ ಶಾಲೆಯ ಗೋಡೆಯ ಮೇಲೂ ದಾನಿಗಳ ಹೆಸರಿನ ಕಲ್ಲು ಇರುತ್ತದೆ. ಅದರಲ್ಲಿ ಹೆಸರಿಲ್ಲದವರೂ ಇರುತ್ತಾರೆ: ಅಂಗಡಿಯಲ್ಲಿ ಸಾಲಕ್ಕೆ ಸಿಮೆಂಟು ಕೊಡಿಸಲು ತಮ್ಮ ಮಾತು ಒತ್ತೆಯಿಟ್ಟವರು, ಪರೀಕ್ಷೆ ಶುಲ್ಕ ಕಟ್ಟಲಾಗದ ಹುಡುಗನ ಪರವಾಗಿ ಕಟ್ಟಿ ಯಾರಿಗೂ ಹೇಳದವರು. ಈ ಸಂಚಿಕೆ ಓದುವ ಹಿರಿಯರಿಗೆ ಅಂಥ ಒಂದಾದರೂ ಹೆಸರು ಗೊತ್ತಿದ್ದೀತು. ಅವರು ಬದುಕಿದ್ದರೆ ಹೋಗಿ ಕಾಣೋಣ. ಇಲ್ಲವಾಗಿದ್ದರೆ ಅವರ ಹೆಸರನ್ನು ಮಕ್ಕಳಿಗೆ ಹೇಳೋಣ. ಸಾಲೊಮನ್ನರ ಮಗ ಬಾಗಿಲು ಬಾಗಿಲು ತಿರುಗಿ ಕೇಳಿದ ಬಾಕಿಯಲ್ಲಿ ಹಣದಷ್ಟೇ ಈ ನೆನಪೂ ಇತ್ತು.